ಕೆಂಪು ಬಾಣದ ಮೋಟರ್

ಬಿಸಿನೀರಿನ ಕೊಳವೆ ತಣ್ಣಗಿದೆ ಎಂದ ಮಾತ್ರಕ್ಕೆ ಮೋಟರ್ ಸತ್ತಿದೆ ಎಂದು ತೀರ್ಮಾನಿಸಬೇಡಿ. ಹೀಟಿಂಗ್ ಕೆಲಸಕ್ಕೆ ಹೊಸದಾಗಿ ಸೇರುವ ನಮ್ಮವರಿಗೆ ನಾನು ಹೇಳುವ ಮೊದಲ ಮಾತು ಇದು. ಹದಿನೇಳು ವರ್ಷ ಟೊರಾಂಟೋ ಸುತ್ತಲಿನ ಬೇಸ್‌ಮೆಂಟುಗಳಲ್ಲಿ ಮೊಣಕಾಲೂರಿ ಕುಳಿತು ಕಲಿತದ್ದು. ಕಳೆದ ತಿಂಗಳು ನನ್ನದೇ ಮನೆಯಲ್ಲಿ ನಾನೇ ಅದನ್ನು ಮರೆತೆ.

ನನ್ನ ಹೆಂಡತಿ ನೀಲಾ ಈ ವರ್ಷ ಹಿಮ ಕರಗುವ ಹೊತ್ತಿಗೆ ಆಸ್ಪತ್ರೆಗೆ ಹೋದವಳು ಮರಳಲಿಲ್ಲ. ಮಹಡಿಯ ಮೇಲೆ ಪೂರ್ವದ ಕಡೆಗಿರುವುದು ಅವಳ ಹೊಲಿಗೆಯ ಕೋಣೆ. ಮಿಲ್ಟನ್‌ನಲ್ಲಿರುವ ಮಗಳು ವಿದ್ಯಾ ಬಸುರಿ ಎಂದು ತಿಳಿದ ದಿನವೇ ನೀಲಾ ಹೇಳಿಬಿಟ್ಟಿದ್ದಳು: "ಬಾಣಂತನ ಇದ ಖೋಲ್ಯಾಗ. ಮುಂಜಾನಿ ಬಿಸಲು ಇಲ್ಲೇ ಬೀಳತೈತಿ." ನವೆಂಬರಿನಲ್ಲಿ ಮೊಮ್ಮಗಳು ಹುಟ್ಟಿದಳು. ಒಂದು ಸೋಮವಾರ ವಿದ್ಯಾ ಫೋನ್ ಮಾಡಿದಳು.

"ಅಪ್ಪಾ, ಫ್ರೈಡೇ ಬರ್ತೀನಿ. ಅವ್ವನ ರೂಮಿಗೇ. ಐ ಡೋಂಟ್ ವಾಂಟ್ ಎನಿ ಅದರ್ ರೂಮ್."

"ಬಾರವ್ವಾ" ಎಂದೆ. ಫೋನ್ ಇಟ್ಟು ಬೇಸ್‌ಮೆಂಟಿಗೆ ಇಳಿದು ಆ ಕೋಣೆಗೆ ಮಾತ್ರ ಹೋಗುವ ಕೊಳವೆ ಮುಟ್ಟಿದೆ. ಮಂಜಿನ ಹಾಗೆ ತಣ್ಣಗಿತ್ತು. ಹೊರಗೆ ಆಗಲೇ ಹಿಮ ಬೀಳುತ್ತಿತ್ತು. ಬಾಣಂತಿಯನ್ನೂ ಹಸುಗೂಸನ್ನೂ ಥಂಡಿ ಕೋಣೆಯಲ್ಲಿ ಮಲಗಿಸುವುದು ಹೇಗೆ? ಕೈಯಲ್ಲಿ ನಾಲ್ಕು ದಿನ ಇದ್ದವು. ಮೋಟರ್ ಹೋಗಿದೆ ಎಂದು ಅಲ್ಲೇ ನಿರ್ಧರಿಸಿದೆ. ಎಂಟು ತಿಂಗಳಿಂದ ಆ ಕೋಣೆಯ ಬಾಗಿಲು ನಾನು ತೆರೆದಿರಲಿಲ್ಲ ಎಂಬುದನ್ನೂ ಇಲ್ಲೇ ಬರೆದುಬಿಡುತ್ತೇನೆ.

ಆ ವಾರ ಏನಾಯಿತೆಂದು ತಿಳಿಯಬೇಕಾದರೆ ಈ ಕೆಲಸ ಎಂಥದ್ದೆಂದು ಮೊದಲು ತಿಳಿಯಬೇಕು.

ಹುಬ್ಬಳ್ಳಿಯಲ್ಲಿ ನಾನು ಮೋಟರ್ ವೈಂಡಿಂಗ್ ಅಂಗಡಿಯಲ್ಲಿದ್ದೆ. ನೀರಿನ ಪಂಪು, ಹಿಟ್ಟಿನ ಗಿರಣಿಯ ಮೋಟರು. ಒಂದೊಂದನ್ನು ಎತ್ತಲು ಇಬ್ಬರು ಬೇಕು. ತೊಂಬತ್ತರ ದಶಕದ ಆರಂಭದಲ್ಲಿ ಇಲ್ಲಿಗೆ ಬಂದೆ. ನಾನೂ ನೀಲಾಳೂ ಬೋಲ್ಟನ್‌ನ ಒಂದು ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದೆವು. ಶನಿವಾರದ ತರಗತಿಗಳಿಗೆ ಹೋಗಿ ಹೀಟಿಂಗ್ ಕೆಲಸದ ಲೈಸೆನ್ಸ್ ಪರೀಕ್ಷೆ ಮುಗಿಸಿದ ಮೇಲೆ ಫ್ರಾಂಕ್ ಎಂಬಾತನ ಸಣ್ಣ ಹೀಟಿಂಗ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಫ್ರಾಂಕ್ ಇಟಲಿಯಿಂದ ಬಂದವನು. ಎರಡೂ ಕೈ ಆಡಿಸದೆ ಅವನಿಗೆ ಮಾತು ಬರುತ್ತಿರಲಿಲ್ಲ. ಮೊದಲ ದಿನವೇ ನನ್ನ ಅಂಗೈಯಲ್ಲಿ ಒಂದು ಸಣ್ಣ ವಸ್ತು ಇಟ್ಟ. ಬಿಸ್ಕತ್ತಿನಷ್ಟು ಅಗಲ, ಎರಡು ತೆಳ್ಳನೆ ತಂತಿ, ಕೆಳಗೆ ಪುಟ್ಟದೊಂದು ಹಲ್ಲಿನ ಚಕ್ರ.

"ಇದೇನು, ಆಟಿಕೆಯೇ?" ಎಂದೆ.

"ಮೋಟರ್, ಶಿವಾ, ಮೋಟರ್! ಇದು ನಿಂತರೆ ಒಂದಿಡೀ ಮಹಡಿ ಕೋಟು ಹಾಕಿಕೊಂಡು ಕೂರುತ್ತದೆ."

ನಿಜ. ಇಲ್ಲಿಯ ಬಹುಪಾಲು ಮನೆಗಳಲ್ಲಿ ಬಿಸಿಗಾಳಿ ಓಡುತ್ತದೆ. ಕೆಲವು ಮನೆಗಳಲ್ಲಿ ಮಾತ್ರ ಬಾಯ್ಲರಿನ ಬಿಸಿನೀರು ಕೊಳವೆಗಳಲ್ಲಿ ಹರಿದು ಕೋಣೆಗಳನ್ನು ಬೆಚ್ಚಗಿಡುತ್ತದೆ. ಮನೆಯನ್ನು ಎರಡೋ ಮೂರೋ ಭಾಗ ಮಾಡಿ ಒಂದೊಂದು ಭಾಗಕ್ಕೂ ಒಂದು ವಾಲ್ವ್ ಕೂರಿಸಿರುತ್ತಾರೆ. ಗೋಡೆಯ ಮೇಲಿನ ಥರ್ಮೋಸ್ಟಾಟ್‌ಗೆ ಚಳಿ ಎನಿಸಿದರೆ ಅದು ಈ ಮೋಟರಿಗೆ ಕರೆಂಟು ಕಳಿಸುತ್ತದೆ. ಮೋಟರ್ ತಿರುಗಿ ವಾಲ್ವ್ ತೆರೆಯುತ್ತದೆ, ಬಾಯ್ಲರ್ ಹೊತ್ತಿಕೊಳ್ಳುತ್ತದೆ. ಬೆಚ್ಚಗಾದ ಮೇಲೆ ಕರೆಂಟು ನಿಲ್ಲುತ್ತದೆ, ಸ್ಪ್ರಿಂಗ್ ವಾಲ್ವನ್ನು ಮತ್ತೆ ಮುಚ್ಚುತ್ತದೆ. ಇಷ್ಟೇ ವಿದ್ಯೆ. ಆದರೆ ಕೈಯಾರೆ ಹಾಕಿದ ಮೋಟರ್ ಜೇನುಹುಳದ ಹಾಗೆ ಗುಂಯ್ ಎಂದು ತಿರುಗಲು ಶುರುಮಾಡಿ, ವಾಲ್ವ್ ತೆರೆದು, ಬಾಯ್ಲರಿನ ಉರಿ ಭುಗ್ ಎಂದು ಹತ್ತಿದಾಗ ಆಗುವ ಸಂತೋಷವಿದೆಯಲ್ಲ, ಅದು ಹದಿನೇಳು ವರ್ಷದಲ್ಲಿ ಒಂದು ದಿನವೂ ಹಳತಾಗಲಿಲ್ಲ. ಎಷ್ಟೋ ಬೇಸ್‌ಮೆಂಟುಗಳಲ್ಲಿ ಒಬ್ಬನೇ ಕೂತು "ಹಾಂ! ಬಂತು ನೋಡು!" ಎಂದು ಕೂಗಿದ್ದೇನೆ.

ಮೋಟರ್ ಆರಿಸುವಾಗ ನಾಲ್ಕು ಸಂಗತಿ ನೋಡಬೇಕು. ಎಷ್ಟು ವೋಲ್ಟ್, ಎಷ್ಟು ವೇಗ, ಶಾಫ್ಟ್ ಎಷ್ಟು ಉದ್ದ, ಯಾವ ಕಡೆಗೆ ತಿರುಗುತ್ತದೆ. ಮೊದಲ ಮೂರನ್ನು ಯಾರಾದರೂ ಕಲಿಯುತ್ತಾರೆ. ನಾಲ್ಕನೆಯದರಲ್ಲಿ ನಾನು ಮುಗ್ಗರಿಸಿದೆ.

ಮಿಲ್ಟನ್‌ನ ಹಳೆಯ ಭಾಗದಲ್ಲಿ ಒಂದು ಕಲ್ಲಿನ ಮನೆ. ಅಲ್ಲಿ ಒಬ್ಬ ನಿವೃತ್ತ ಶಿಕ್ಷಕಿ ಒಬ್ಬರೇ ಇದ್ದರು. ಮೋಟರ್ ನಿಜವಾಗಿಯೂ ಸುಟ್ಟಿತ್ತು. ಮೇಲಿನ ಚೀಟಿಯೂ ಕಪ್ಪಾಗಿ ಅಕ್ಷರ ಕಾಣುತ್ತಿರಲಿಲ್ಲ. ವಾಲ್ವಿನ ಮೇಲೆ ಬಗ್ಗಿ, ಹಲ್ಲುಗಳು ಯಾವ ಕಡೆಗೆ ಸಾಗಬೇಕೆಂದು ಲೆಕ್ಕ ಹಾಕಿ, ಗಡಿಯಾರದ ಮುಳ್ಳಿನಂತೆ ಎಂದು ಬರೆದುಕೊಂಡೆ. ಹೊಸ ಮೋಟರ್ ತಂದು ಹಾಕಿದೆ. ಗುಂಯ್ ಎಂದಿತು. ಸದ್ದು ಬಂದ ಖುಷಿಯಲ್ಲಿ ಬೇರೇನೂ ನೋಡದೆ ಟೂಲ್‌ಬಾಕ್ಸ್ ಎತ್ತಿಕೊಂಡು ಹೊರಟೆ. ಸಂಜೆ ಫ್ರಾಂಕ್ ಮನೆಗೇ ಫೋನ್ ಮಾಡಿದ. ರಿಸೀವರ್ ಕಿವಿಯಿಂದ ದೂರ ಹಿಡಿದರೂ ಕೇಳುತ್ತಿತ್ತು.

"ಶಿವಾ! ಆಕೆ ಕೈಗವಸು ಹಾಕಿಕೊಂಡು ಚಹಾ ಕುಡಿಯುತ್ತಿದ್ದಾರೆ! ಕೈಗವಸು!"

ನೀಲಾ ಅಡುಗೆಮನೆಯ ಮೇಜಿನ ಮೇಲೆ ಆ ಸುಟ್ಟ ಮೋಟರನ್ನು ಬಿಚ್ಚಿಟ್ಟುಕೊಂಡಿದ್ದಳು. ಅವಳ ತಂದೆ ಗದಗಿನಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದರು. ಚಿಕ್ಕಂದಿನಲ್ಲಿ ಅವರ ಪಕ್ಕದಲ್ಲಿ ಕೂತು ಕೂತು, ಹಲ್ಲಿನ ಚಕ್ರ ಕಂಡರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ.

"ಎಲ್ಲಿ ನಿಂತ ನೋಡಿದ್ರಿ?" ಎಂದಳು.

"ಮ್ಯಾಲಿಂದ."

"ಮ್ಯಾಲಿಂದ ಅಂದ್ರ ಮೋಟರಿನ ಬೆನ್ನು. ಶಾಫ್ಟ್ ಇರೂದು ಕೆಳಗ. ಗಡಿಯಾರದ ಬೆನ್ನಿನ ಕಡಿಂದ ನೋಡಿದ್ರ ಮುಳ್ಳು ಹಿಂದಕ್ಕ ಹೋಗತಾವ್ರೀ. ನಮ್ಮಪ್ಪ ಇದ್ದಿದ್ರ ನಿಮ್ಮ ಕಿವಿ ಹಿಂಡತಿದ್ದ."

"ಅಳಿಯನ ಕಿವಿ ಹಿಂಡತಾರೇನು?"

"ಅಳಿಯ ಮೋಟರ್ ಉಲ್ಟಾ ಹಾಕಿದ್ರ ಹಿಂಡಲಾರದ ಏನ್ ಮಾಡತಾರ?"

ಕೆಟಲಾಗಿನಲ್ಲಿ ತಿರುಗುವ ದಿಕ್ಕನ್ನು ಹೇಳುವುದು ಶಾಫ್ಟಿನ ಕಡೆಯಿಂದ ನೋಡಿ. ನಾನು ನೋಡಿದ್ದು ಬೆನ್ನಿನ ಕಡೆಯಿಂದ. ಪಾಪ, ಆ ಮೋಟರ್ ದಿನವಿಡೀ ಮುಚ್ಚಿದ ವಾಲ್ವನ್ನೇ ಇನ್ನಷ್ಟು ಮುಚ್ಚಲು ಒದ್ದಾಡಿತ್ತು. ಮರುದಿನ ಬೆಳಿಗ್ಗೆಯೇ ಹೋಗಿ ಸರಿಪಡಿಸಿದೆ. ಶಿಕ್ಷಕಿ ನನಗೂ ಚಹಾ ಕೊಟ್ಟು, "ಮಿಸ್ಟರ್ ಶಿವಪ್ಪ, ಈ ಸಲ ಉತ್ತರವನ್ನು ಎರಡು ಬಾರಿ ತಾಳೆ ನೋಡಿದಿರಾ?" ಎಂದರು. ಅಂದಿನಿಂದ ನಾನು ತರುವ ಪ್ರತಿ ಮೋಟರಿನ ಶಾಫ್ಟಿನ ಬದಿಗೆ ನೀಲಾ ತನ್ನ ಕೆಂಪು ನೇಲ್ ಪಾಲಿಶ್‌ನಿಂದ ಒಂದು ಪುಟ್ಟ ಬಾಣ ಬರೆಯತೊಡಗಿದಳು. ಬೇರೆ ಟೆಕ್ನಿಷಿಯನ್ನರು ನಕ್ಕರು. ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಅವರೂ ತಮ್ಮ ಮೋಟರುಗಳನ್ನು ನನ್ನ ಕೈಗೆ ಕೊಟ್ಟು, "ನಿನ್ನ ಹೆಂಡತಿಯ ಬಾಣ ಹಾಕಿಸಿಕೊಂಡು ಬಾ" ಎನ್ನುತ್ತಿದ್ದರು.

ಇನ್ನು ರಿಚ್ಮಂಡ್ ಹಿಲ್‌ನ ಡಾಕ್ಟರ ಮನೆಯ ಕಥೆ. ಈ ಒಂದನ್ನು ನೆನಪಿಟ್ಟುಕೊಂಡರೂ ಸಾಕು.

ಡಾಕ್ಟರ್ ರಾಯರು ಮೈಸೂರಿನವರು, ಆಗಲೇ ನಿವೃತ್ತರು. ಅವರ ಹೆಂಡತಿ ಇಂದಿರಮ್ಮನವರಿಗೆ ನಾನು ಕನ್ನಡದವನೆಂದು ತಿಳಿದ ಮೇಲೆ ಕೋಡುಬಳೆ ತಿನ್ನದೆ ಮನೆಯಿಂದ ಹೊರಬೀಳುವ ಹಾಗಿರಲಿಲ್ಲ. ಒಂದು ವರ್ಷ ಡಿಸೆಂಬರಿನಲ್ಲಿ ಅವರ ನಡುಮನೆ ಬೆಚ್ಚಗಾಗುತ್ತಿಲ್ಲ ಎಂದು ಕರೆ ಬಂತು. ನೇರ ಬೇಸ್‌ಮೆಂಟಿಗೆ ಇಳಿದೆ. ಕೊಳವೆ ತಣ್ಣಗೆ, ವಾಲ್ವ್ ಮುಚ್ಚಿದೆ. ಮೋಟರ್ ಬದಲಿಸಿದೆ. ಮೇಲೆ ಬಂದು ಥರ್ಮೋಸ್ಟಾಟ್ ಏರಿಸಿದೆ. ಗುಂಯ್! ಬಿಸಿ ಬಂತು. ಹೊಸ ಮೋಟರಿನ ಮಹಿಮೆ ಎಂದುಕೊಂಡೆ. ಹಳೆಯ ಮೋಟರ್ ಇದ್ದಾಗಲೇ ಥರ್ಮೋಸ್ಟಾಟ್ ಏರಿಸಿ ನೋಡಿದ್ದರೆ? ಅದು ಹೊಳೆಯಲೇ ಇಲ್ಲ. ಒಂದು ವಾರಕ್ಕೆ ಮತ್ತೆ ಕರೆ, ಮತ್ತೆ ಹೊಸ ಮೋಟರ್. ಮೂರನೆಯ ಸಲ ಕರೆ ಬಂದಾಗ ಫ್ರಾಂಕ್ ಕೈ ಆಡಿಸಲಿಲ್ಲ. ಕೈ ಕಟ್ಟಿಕೊಂಡು ನಿಂತ. ಅದಕ್ಕೇ ಹೆದರಿಕೆಯಾಯಿತು.

"ಇದೇ ಕೊನೆ, ಶಿವಾ. ಮತ್ತೊಮ್ಮೆ ಆ ಮನೆಯಿಂದ ಫೋನ್ ಬಂದರೆ ನಿನ್ನ ಟೂಲ್‌ಬಾಕ್ಸ್ ಮನೆಗೆ ಒಯ್ಯಿ."

ಇಂದಿರಮ್ಮನವರಿಗೆ ಇದು ಹೇಗೋ ಗೊತ್ತಾಗಿ, "ಶನಿವಾರ ಸಂಜೆ ಬಂದು ನೋಡಪ್ಪ, ಹೆಂಡತಿನೂ ಕರ್ಕೊಂಡು ಬಾ, ಕಾಫಿ ಕುಡಿದ ಹಾಗೂ ಆಗತ್ತೆ" ಎಂದರು. ಹೋದೆವು. ಇಬ್ಬರೂ ಸ್ವೆಟರ್ ಮೇಲೆ ಶಾಲು ಹೊದ್ದಿದ್ದರು.

"ವಿಚಿತ್ರ ನೋಡು ಶಿವಪ್ಪ," ಎಂದರು ಇಂದಿರಮ್ಮ. "ಮಧ್ಯಾಹ್ನ ಎಲ್ಲಾ ಚೆನ್ನಾಗೇ ಇರತ್ತೆ. ಬೆಳಿಗ್ಗೆ ಒಂದ್ ಸಲ, ಸಂಜೆ ಒಂದ್ ಸಲ ಐಸ್ ಆಗೋಗತ್ತೆ."

ನಾನು ಬೇಸ್‌ಮೆಂಟಿಗೆ ಹೊರಟೆ. ಅಷ್ಟರಲ್ಲಿ ಅವರು ಸಂಜೆಯ ದೀಪ ಹಚ್ಚಿದರು. ಆ ದೀಪಾವಳಿಗೆ ಮೈಸೂರಿನಿಂದ ತರಿಸಿದ ಹೊಸ ಮರದ ಮಂಟಪ, ಅದರ ಮುಂದೆ ಎರಡು ಎತ್ತರದ ದೀಪಗಳು, ಒಂದೊಂದಕ್ಕೂ ಐದೈದು ಬತ್ತಿ. ಹಿಂದಿನ ಎರಡು ಸಲವೂ ನಾನು ಆ ಮಂಟಪಕ್ಕೆ ಕೈಮುಗಿದೇ ಕೆಳಗಿಳಿದಿದ್ದೆ. ನೀಲಾ ಮಂಗಳಾರತಿ ತೆಗೆದುಕೊಳ್ಳಲು ಹತ್ತಿರ ಹೋದವಳು ಕೈ ಚಾಚಿದ್ದು ಹಾಗೇ ನಿಲ್ಲಿಸಿದಳು.

"ರೀ, ನಿಂದರ್ರಿ. ಈ ಡಬ್ಬಿ ಬುಡಕ್ಕ ಮಸಿ ಹತ್ತೇತಿ ನೋಡ್ರಿ."

ದೀಪಗಳ ನೇರ ಮೇಲೆ, ಒಂದು ಗೇಣು ಎತ್ತರದಲ್ಲಿ, ಥರ್ಮೋಸ್ಟಾಟ್! ಅಡಿಭಾಗವೆಲ್ಲ ಕಪ್ಪು. ಹತ್ತು ಬತ್ತಿಗಳ ಬಿಸಿ ತಿಂದು ಅದು, ಮನೆ ಬೆಚ್ಚಗಿದೆ, ಯಾರಿಗೂ ಚಳಿಯಿಲ್ಲ ಎಂದು ಸುಮ್ಮನೆ ಕೂತಿತ್ತು. ಮೇಲಿನಿಂದ ಕರೆಂಟು ಬಾರದಿದ್ದರೆ ಕೆಳಗಿನ ಮೋಟರ್ ಏಕೆ ತಿರುಗೀತು? ಎರಡು ಒಳ್ಳೆಯ ಮೋಟರುಗಳನ್ನು ನಾನು ಕಿತ್ತೆಸೆದಿದ್ದೆ. ನಾಚಿಕೆ ಆಮೇಲೆ ಬಂತು. ಆ ಕ್ಷಣಕ್ಕೆ ಕುಣಿಯುವಷ್ಟು ಖುಷಿ. ಡಾಕ್ಟರು ಸೋಫಾದಿಂದ ಎದ್ದು ಬಂದು, ಕನ್ನಡಕ ಏರಿಸಿ ಮಸಿ ನೋಡಿ, ನಗಲು ಶುರುಮಾಡಿದರು.

"ನಲವತ್ತು ವರ್ಷ ಜ್ವರ ನೋಡಿದೀನಿ ಕಣಮ್ಮ. ಥರ್ಮಾಮೀಟರನ್ನ ದೀಪದ ಮೇಲೆ ಹಿಡಿದು ರೋಗಿಗೆ ಜ್ವರ ಅಂದಿದ್ದು ಇವತ್ತೇ!"

"ದೇವರನ್ನ ಮಾತ್ರ ನಾನು ಸರಿಸಲ್ಲ," ಎಂದರು ಇಂದಿರಮ್ಮ.

"ಬ್ಯಾಡ್ರಿ ಅಮ್ಮಾರ, ಡಬ್ಬೀನ ಸರಿಸೋಣು," ಎಂದಳು ನೀಲಾ.

ತಂತಿ ಎಳೆದು ಥರ್ಮೋಸ್ಟಾಟನ್ನು ಎದುರು ಗೋಡೆಗೆ ಕೂರಿಸಿದೆ. ಸೋಮವಾರ ಫ್ರಾಂಕ್‌ಗೆ ಎಲ್ಲವನ್ನೂ, ಎರಡು ಮೋಟರುಗಳ ವಿಷಯವನ್ನೂ ಮುಚ್ಚಿಡದೆ ಹೇಳಿದೆ. ಅವನು ಕೇಳಿದ್ದು ಒಂದೇ: "ಕಂಡುಹಿಡಿದದ್ದು ಯಾರು?" "ನನ್ನ ಹೆಂಡತಿ." ಕೈಗಳು ಮತ್ತೆ ಆಡತೊಡಗಿದವು. "ಹಾಗಾದರೆ ನಾಳೆಯಿಂದ ಆಕೆಯನ್ನು ಕಳಿಸು, ನೀನು ಮನೆಯಲ್ಲಿ ಅನ್ನ ಮಾಡು!" ಕೆಲಸ ಉಳಿಯಿತು. ಆಮೇಲೆ ಹೊಸಬರು ಯಾರೇ ಸೇರಲಿ, ಫ್ರಾಂಕ್ ಮೊದಲು ಈ ಕಥೆ ಹೇಳುತ್ತಿದ್ದ: ಕೆಳಗೆ ಇಳಿಯುವ ಮೊದಲು ಮೇಲೆ ಹೋಗಿ ಥರ್ಮೋಸ್ಟಾಟ್ ನೋಡಿ. ಅವನ ಕಥೆಯಲ್ಲಿ ದೀಪಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿತ್ತು.

ಎರಡು ಸಾವಿರ ದಾಟಿದ ಮೇಲೆ ಕೆಲಸದ ರೀತಿ ಬದಲಾಯಿತು. ಬರೀ ಮೋಟರ್ ಬದಲಿಸುವವರು ಕಡಿಮೆಯಾದರು. ಮೋಟರ್, ಗೇರು, ಸ್ವಿಚ್ಚು ಎಲ್ಲ ಸೇರಿದ ಮೇಲ್ಭಾಗವನ್ನೇ, ಅಂದರೆ ಪೂರಾ ಹೆಡ್ಡನ್ನೇ, ಕಿತ್ತು ಹೊಸದು ಕೂರಿಸುವುದು ಬಂತು. ಹತ್ತು ನಿಮಿಷದ ಕೆಲಸ. ಅದನ್ನು ನಾನು ಬೈಯುವುದಿಲ್ಲ. ಒಳಗಿನ ಸ್ವಿಚ್ಚು ಸುಟ್ಟಿದ್ದರೆ, ಹಲ್ಲು ಸವೆದಿದ್ದರೆ, ಹಾಗೆ ಮಾಡುವುದೇ ಸರಿ. ಆದರೆ ಏನು ಮಾಡುವ ಮೊದಲೂ ವಾಲ್ವಿನ ಬದಿಯ ಸಣ್ಣ ಸನ್ನೆಕೋಲನ್ನು ಬೆರಳಿನಿಂದ ತಳ್ಳಿ ನೋಡಿ. ಸ್ಪ್ರಿಂಗಿನ ಬಿಗಿ ಬೆರಳಿಗೆ ತಿಳಿಯಬೇಕು. ಕಲ್ಲಿನ ಹಾಗೆ ಅಲುಗದಿದ್ದರೆ ಕೆಳಗಿನ ವಾಲ್ವೇ ಕಚ್ಚಿಕೊಂಡಿದೆ ಎಂದರ್ಥ. ಅಲ್ಲಿ ಎಷ್ಟು ಹೊಸ ಮೋಟರ್ ಹಾಕಿದರೂ ಸುಡುತ್ತದೆ. ಇದನ್ನು ನಿಮಗೆ ಯಾವ ಕಂಪ್ಯೂಟರೂ ಹೇಳುವುದಿಲ್ಲ.

ಈಗ ಆ ವಾರಕ್ಕೆ ಬರುತ್ತೇನೆ.

ಮಂಗಳವಾರ ಬಿಡಿಭಾಗದ ಅಂಗಡಿಗೆ ಹೋದೆ. ಕೌಂಟರಿನಲ್ಲಿದ್ದ ಪಂಜಾಬಿ ತರುಣ ಹಳೆಯ ಪರಿಚಯದವನು. "ಅಂಕಲ್‌ಜೀ, ರಿಟೈರ್ ಆಗಿಯೂ ಬಿಡಲಿಲ್ಲವಾ? ಪೂರಾ ಹೆಡ್ ತೊಗೊಳ್ಳಿ, ಝಂಝಟ್ ಇಲ್ಲ" ಎಂದ. ನನಗೆ ಮೋಟರ್ ಮಾತ್ರ ಸಾಕೆಂದೆ. ವೋಲ್ಟ್ ಸರಿ, ವೇಗ ಸರಿ, ಶಾಫ್ಟ್ ಸರಿ. ದಿಕ್ಕನ್ನು ಶಾಫ್ಟಿನ ಕಡೆಯಿಂದ ಎರಡು ಸಲ ನೋಡಿದೆ. ಎಷ್ಟೋ ತಿಂಗಳ ನಂತರ ಹೊಸ ಮೋಟರ್ ಕೈಯಲ್ಲಿ ಹಿಡಿದಾಗ ಆ ಹಳೆಯ ಉತ್ಸಾಹವೇ ಬಂದುಬಿಟ್ಟಿತು. ಕಾರಿನಲ್ಲಿ ಪಕ್ಕದ ಸೀಟಿನ ಮೇಲೆ ಇಟ್ಟುಕೊಂಡು ಬಂದೆ.

ಆದರೂ ಬುಧವಾರವಿಡೀ ಅದು ಡಬ್ಬಿಯಲ್ಲೇ ಇತ್ತು. ಆ ಕೋಣೆಯ ಹೀಟ್ ಕೆಟ್ಟಿದೆ, ಸರಿಮಾಡುತ್ತೇನೆ ಎಂದು ವಿದ್ಯಾಗೆ ಫೋನಿನಲ್ಲಿ ಹೇಳಿದ್ದಷ್ಟೇ. ಗುರುವಾರ ಮಧ್ಯಾಹ್ನ ಬೇಸ್‌ಮೆಂಟಿಗೆ ಇಳಿದೆ. ಹಳೆಯದನ್ನು ಬಿಚ್ಚಿದಾಗ ಶಾಫ್ಟಿನ ಬದಿಗೆ ಕೆಂಪು ಬಾಣ ಕಂಡಿತು. ಅದನ್ನು ಅಂಗಿಯ ಜೇಬಿನಲ್ಲಿ ಹಾಕಿಕೊಂಡು ಹೊಸದನ್ನು ಕೂರಿಸಿದೆ. ತಂತಿ ಜೋಡಿಸಿ, ಸ್ವಿಚ್ ಹಾಕಿ, ಉಸಿರು ಹಿಡಿದು ಕಾದೆ.

ಸದ್ದಿಲ್ಲ.

ಸನ್ನೆ ತಳ್ಳಿ ನೋಡಿದೆ. ಸ್ಪ್ರಿಂಗ್ ಚೆನ್ನಾಗಿತ್ತು. ಆಗ ಮೀಟರ್ ತಂದು ತಂತಿಗೆ ಹಿಡಿದೆ. ಸೋಮವಾರವೇ ಮಾಡಬೇಕಿದ್ದ ಕೆಲಸ. ಮುಳ್ಳು ಅಲುಗಲಿಲ್ಲ. ಮೇಲಿನಿಂದ ಕರೆಂಟೇ ಬರುತ್ತಿರಲಿಲ್ಲ. ಕೈಯಲ್ಲಿ ಮೀಟರ್ ಹಿಡಿದು ಅಲ್ಲೇ ಕೂತುಬಿಟ್ಟೆ. ಡಾಕ್ಟರ ಮನೆಯ ತಪ್ಪನ್ನೇ ಮತ್ತೆ ಮಾಡಿದ್ದೆ. ಅಂದು ಗೊತ್ತಿಲ್ಲದೆ ಮಾಡಿದ್ದೆ. ಈ ಸಲ ಮೊದಲು ಎಲ್ಲಿಗೆ ಹೋಗಬೇಕೆಂದು ಗೊತ್ತಿದ್ದೂ ನಾಲ್ಕು ದಿನ ಅಲ್ಲಿಗೆ ಹೋಗದೆ ತಪ್ಪಿಸಿಕೊಂಡಿದ್ದೆ. ನಾಳೆ ಕೂಸು ಬರುತ್ತದೆ.

ಎದ್ದು ಮಹಡಿ ಹತ್ತಿ ಬಾಗಿಲು ತೆರೆದೆ. ಕೋಣೆ ಅವಳು ಬಿಟ್ಟ ಹಾಗೇ ಇತ್ತು. ಹೊಲಿಗೆ ಯಂತ್ರದ ಸೂಜಿಯ ಕೆಳಗೆ ಹಸಿರು ಬಟ್ಟೆಯ ಒಂದು ಕುಂಚಿಗಿ, ನಮ್ಮ ಕಡೆ ಕೂಸಿನ ತಲೆಗೆ ಕಟ್ಟುವಂಥದ್ದು, ಅರ್ಧ ಹೊಲಿದಿತ್ತು. ಪಕ್ಕದ ಗೋಡೆಯಲ್ಲಿ ಥರ್ಮೋಸ್ಟಾಟ್. ಅದರ ಮುಳ್ಳು ತೀರಾ ಕೆಳಗೆ, ಅದಕ್ಕಿಂತ ಕೆಳಗೆ ಜಾಗವಿಲ್ಲದಷ್ಟು ಕೆಳಗೆ ಇತ್ತು.

ಆಸ್ಪತ್ರೆಗೆ ಹೊರಟ ಬೆಳಿಗ್ಗೆ ನಾನು ಕಾರಿನಲ್ಲಿ ಕಾಯುತ್ತಿದ್ದೆ. "ಬಂದೆ, ಒಂದ್ ನಿಮಿಷ" ಎಂದು ಅವಳು ಗೋಡೆ ಹಿಡಿದುಕೊಂಡು ಮತ್ತೆ ಮಹಡಿ ಹತ್ತಿದ್ದಳು. ಯಾಕೆಂದು ಕೇಳಿರಲಿಲ್ಲ. ಮನೆಯಲ್ಲಿ ಯಾರಿಲ್ಲದ ಕೋಣೆ ಬಿಸಿಯಾಗಿದ್ದರೆ ಅವಳು ಸುಮ್ಮನಿದ್ದವಳಲ್ಲ. "ಖಾಲಿ ಖೋಲಿಗೆ ಯಾಕ್ರೀ ಉರಿ?" ಎಂದು ನನ್ನನ್ನೇ ಬೈಯುತ್ತಿದ್ದಳು. ಮೋಟರಿಗೆ ಏನೂ ಆಗಿರಲಿಲ್ಲ.

ಹೊಸದರ ಮೇಲೆ ಪರೀಕ್ಷೆ ಮಾಡಲು ಮನಸ್ಸಾಗಲಿಲ್ಲ. ಮತ್ತೆ ಬೇಸ್‌ಮೆಂಟಿಗೆ ಇಳಿದು ಹೊಸ ಮೋಟರ್ ತೆಗೆದು, ಜೇಬಿನಲ್ಲಿದ್ದ ಹಳೆಯದನ್ನು ಬಾಣ ನೋಡಿ ಅದರ ಜಾಗದಲ್ಲೇ ಕೂರಿಸಿದೆ. ಮಹಡಿಗೆ ಬಂದು ಮುಳ್ಳನ್ನು ಮೇಲಕ್ಕೆ ತಿರುಗಿಸಿದೆ. ಟಿಕ್ ಎಂದಿತು. ಅರವತ್ತೆರಡರ ಮೊಣಕಾಲುಗಳನ್ನು ಮರೆತು ಎರಡು ಮಹಡಿ ಮೆಟ್ಟಿಲು ಇಳಿದು ಓಡಿದೆ. ನಾನು ತಲುಪುವಷ್ಟರಲ್ಲಿ ಗುಂಯ್ ಎನ್ನುತ್ತಿತ್ತು! ಸನ್ನೆ ನಿಧಾನವಾಗಿ ಸರಿಯುತ್ತಿತ್ತು. ಕೊನೆ ಮುಟ್ಟಿತು, ಬಾಯ್ಲರ್ ಭುಗ್ ಎಂದಿತು, ಕೊಳವೆ ಕೈಯ ಕೆಳಗೇ ಬಿಸಿಯಾಗುತ್ತ ಬಂತು. "ಹಾಂ! ಬಂತು ನೋಡು!" ಎಂದು ಕೂಗಿದೆ. ಕೂಗಿದ ಮೇಲೆ ಕೈ ಸುಡುವವರೆಗೂ ಆ ಕೊಳವೆ ಹಿಡಿದುಕೊಂಡು ನಿಂತಿದ್ದೆ.

ಶುಕ್ರವಾರ ವಿದ್ಯಾ ಕೂಸನ್ನು ಎತ್ತಿಕೊಂಡು ಕೋಣೆಗೆ ಬಂದು, ಕೋಟು ತೆಗೆದು, ಗೋಡೆಯ ಕೆಳಗಿನ ಬಿಸಿಕೊಳವೆಯ ಹತ್ತಿರ ಕೈ ಚಾಚಿದಳು.

"ಅಪ್ಪಾ, ಇಟ್ಸ್ ಸೋ ವಾರ್ಮ್. ಹೀಟ್ ವರ್ಕ್ ಆಗ್ತಿಲ್ಲ ಅಂದಿದ್ರಿ? ವಾಟ್ ವಾಸ್ ರಾಂಗ್?"

"ಏನೂ ಆಗಿದ್ದಿಲ್ಲವ್ವಾ. ನಿಮ್ಮವ್ವ ಹೋಗೂ ಮುಂದ ಕಡಿಮಿ ಮಾಡಿ ಹೋಗಿದ್ಲು."